ಮೂವತ್ತು-ನಲವತ್ತರ ಮನೆಗೆ ಯಾವ ಗರಗಸ? ಟ್ರ್ಯಾಕ್ ಸಾ, ಟೇಬಲ್ ಸಾ ಎರಡನ್ನೂ ಬಳಸಿದವಳ ಮಾತು

ಮೊದಲೇ ಹೇಳಿಬಿಡುತ್ತೇನೆ. ನಿಮ್ಮದು ಮೂವತ್ತು-ನಲವತ್ತರ ಸೈಟಿನ ಮನೆ, ಮರಗೆಲಸಕ್ಕೆ ಇರುವ ಜಾಗ ಪೋರ್ಟಿಕೋ ಒಂದೇ, ಮಾಡುವ ಕೆಲಸ ಹೆಚ್ಚಾಗಿ ಪ್ಲೈವುಡ್ಡಿನದು ಅಂತಾದರೆ ಟ್ರ್ಯಾಕ್ ಸಾ, ಅಂದರೆ ಹಳಿಯ ಮೇಲೆ ಓಡಿಸುವ ಗರಗಸ ತಗೊಳ್ಳಿ. ಟೇಬಲ್ ಸಾ, ಅಂದರೆ ಮೇಜಿನ ಮೇಲೆ ಬ್ಲೇಡ್ ಎದ್ದು ನಿಂತಿರುವ ಗರಗಸ, ಆಮೇಲೆ ನೋಡಿಕೊಳ್ಳಬಹುದು. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಿ, ಬೇಜಾರಿಲ್ಲ.

ಆದರೆ "ಟೇಬಲ್ ಸಾ ಇಲ್ಲದೆ ಎಂಥ ಮರಗೆಲಸ?" ಅಂತ ಕೇಳುವವರೇ ಜಾಸ್ತಿ. ಯೂಟ್ಯೂಬಿನಲ್ಲಿ ಅಮೆರಿಕದವರ ಗ್ಯಾರೇಜ್ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಅವರ ಗ್ಯಾರೇಜಿನಲ್ಲಿ ಎರಡು ಕಾರು ನಿಂತ ಮೇಲೂ ಒಂದು ಪಂಕ್ತಿ ಊಟ ಬಡಿಸಬಹುದು. ಕುವೆಂಪುನಗರದ ನಮ್ಮ ಪೋರ್ಟಿಕೋದಲ್ಲಿ ಸ್ಕೂಟರ್ ಆಚೆ ತೆಗೆದರೆ ಮಾತ್ರ ನಾನು ಒಳಗೆ ನಿಲ್ಲಬಹುದು. ಈ ವ್ಯತ್ಯಾಸವನ್ನು ಯಾವ ವಿಡಿಯೋದವರೂ ಹೇಳುವುದಿಲ್ಲ. ಬ್ಲೇಡ್ ಎಷ್ಟು ಇಂಚು, ಮೋಟಾರು ಎಷ್ಟು ವ್ಯಾಟ್ ಅಂತಲೇ ಶುರು ಮಾಡುತ್ತಾರೆ.

ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು. ರಜೆ ಬಂದರೆ ಮರ ಕೊಯ್ಯುವ ಹುಚ್ಚು. ಮೈಸೂರಿನಲ್ಲಿ ನನ್ನ ಹತ್ತಿರ ಇರುವುದು ಟ್ರ್ಯಾಕ್ ಸಾ. ಮಕೀಟಾದ ಎಸ್‌ಪಿ 6000, ಜೊತೆಗೆ 1,400 ಮಿಲಿಮೀಟರಿನ ಎರಡು ಹಳಿ. ಟೇಬಲ್ ಸಾ ಇರುವುದು ನನ್ನ ತಮ್ಮನ ಹತ್ತಿರ, ಪಾಂಡವಪುರದ ಕಡೆ ಅವನ ತೋಟದಲ್ಲಿ. ಮೊದಲು ಆಲೆಮನೆಯಾಗಿದ್ದ ತಗಡಿನ ಶೆಡ್ಡು ಅದು. ಗಾಣ ಹೋಗಿ, ಕೊಪ್ಪರಿಗೆ ಹೋಗಿ, ಈಗ ಮಧ್ಯದಲ್ಲಿ ಹತ್ತಿಂಚಿನ ಬ್ಲೇಡಿನ ಟೇಬಲ್ ಸಾ ಕೂತಿದೆ. ಬಿಸಿಲು ಏರಿದರೆ ಗೋಡೆಯಿಂದ ಇನ್ನೂ ಬೆಲ್ಲದ ವಾಸನೆ ಬರುತ್ತದೆ. ಎರಡೂ ಮೆಷಿನ್ನಿನಲ್ಲಿ ಸಾಕಷ್ಟು ಹಲಗೆ ಕೊಯ್ದಿದ್ದೇನೆ. ಹಾಗಾಗಿ ಒಂದರ ಮೇಲೆ ಪ್ರೀತಿ, ಇನ್ನೊಂದರ ಮೇಲೆ ಹೊಟ್ಟೆಕಿಚ್ಚು ಅಂತೇನಿಲ್ಲ.

ಎರಡಕ್ಕೂ ಇರುವ ನಿಜವಾದ ವ್ಯತ್ಯಾಸ ಒಂದೇ. ಟೇಬಲ್ ಸಾನಲ್ಲಿ ಗರಗಸ ನಿಂತಿರುತ್ತದೆ, ಹಲಗೆ ಸಾಗಬೇಕು. ಟ್ರ್ಯಾಕ್ ಸಾನಲ್ಲಿ ಹಲಗೆ ಮಲಗಿರುತ್ತದೆ, ಗರಗಸ ಸಾಗುತ್ತದೆ. ಉಳಿದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ. ಲೆಕ್ಕ ಹಾಕಿ ನೋಡಿ. ಪ್ಲೈವುಡ್ ಶೀಟು ಎಂಟಡಿ ಉದ್ದ, ನಾಲ್ಕಡಿ ಅಗಲ. ಅದನ್ನು ಉದ್ದಕ್ಕೆ ಸೀಳಬೇಕಾದರೆ ಬ್ಲೇಡಿನ ಮುಂದೆ ಎಂಟಡಿ ಬೇಕು, ಬ್ಲೇಡಿನ ಹಿಂದೆ ಎಂಟಡಿ ಬೇಕು, ನೀವು ನಿಲ್ಲಲು ಇನ್ನೆರಡು ಅಡಿ. ಹದಿನೆಂಟು ಅಡಿ ಆಯಿತಲ್ವಾ? ಮೂವತ್ತಡಿ ಅಗಲದ ಸೈಟಿನಲ್ಲಿ ಇಷ್ಟು ಖಾಲಿ ಜಾಗ ಎಲ್ಲಿದೆ? ಗೇಟು ತೆಗೆದು ರಸ್ತೆಗೆ ಹಲಗೆ ನೂಕಬೇಕು. ಟ್ರ್ಯಾಕ್ ಸಾಗಾದರೆ ಶೀಟಿನಷ್ಟೇ ಜಾಗ, ಸುತ್ತ ಓಡಾಡಲು ಒಂದೆರಡು ಅಡಿ. ಮುಗಿಯಿತು.

ಇನ್ನು ತೂಕ. 18 ಮಿಲಿಮೀಟರಿನ ಒಂದು ಪೂರ್ತಿ ಶೀಟು 30ರಿಂದ 40 ಕೆಜಿ ತೂಗುತ್ತದೆ. ಮರ, ಅಂಟು ನೋಡಿಕೊಂಡು ಹೆಚ್ಚು ಕಡಿಮೆ. ಅದನ್ನು ಸೊಂಟದೆತ್ತರಕ್ಕೆ ಎತ್ತಿ, ಮೇಜಿನ ಮೇಲಿಟ್ಟು, ಒಂದು ಪಕ್ಕ ಫೆನ್ಸಿಗೆ (ಬ್ಲೇಡಿನ ಪಕ್ಕ ಅದಕ್ಕೆ ಸಮಾನಾಂತರವಾಗಿ ನಿಲ್ಲುವ ಆಧಾರದ ಪಟ್ಟಿಗೆ) ಒತ್ತಿಕೊಂಡು, ಅಲುಗಾಡದ ಹಾಗೆ ಬ್ಲೇಡಿಗೆ ನೂಕುವುದು ಒಬ್ಬರ ಕೆಲಸವಲ್ಲ. ನನ್ನ ಕೈಯಲ್ಲಂತೂ ಆಗುವುದಿಲ್ಲ. ಟ್ರ್ಯಾಕ್ ಸಾ ನಾಲ್ಕೂವರೆ ಕೆಜಿಯ ಆಸುಪಾಸು. ಅದನ್ನು ಎತ್ತಿ ಓಡಾಡಿಸುವುದು ಸುಲಭ. ಶೀಟನ್ನು ನಾನು ಎತ್ತುವುದೇ ಇಲ್ಲ. ಗೋಡೆಗೆ ಒರಗಿಸಿದ್ದನ್ನು ನಿಧಾನಕ್ಕೆ ನೆಲಕ್ಕೆ ಇಳಿಸುತ್ತೇನೆ. ಕೆಳಗೆ ಎರಡಿಂಚು ದಪ್ಪದ ಇನ್ಸುಲೇಷನ್ ಫೋಮ್ ಹಲಗೆ ಹಾಸಿರುತ್ತದೆ. ಬ್ಲೇಡಿನ ಆಳವನ್ನು ಪ್ಲೈಗಿಂತ ನಾಲ್ಕೈದು ಮಿಲಿಮೀಟರ್ ಜಾಸ್ತಿ ಇಟ್ಟರೆ ಫೋಮಿನಲ್ಲಿ ಸಣ್ಣ ಗೀರು ಬೀಳುತ್ತದೆ, ನೆಲ ಮುಟ್ಟುವುದಿಲ್ಲ. ಒಂದು ಫೋಮ್ ಹಲಗೆ ತುಂಬಾ ದಿನ ಬರುತ್ತದೆ. ಬಿಳಿ ಥರ್ಮಾಕೋಲ್ ಬೇಡ. ಅದರ ಕಾಳು ಮನೆಯೆಲ್ಲ ಹಾರಿ, ಮೂರು ದಿನ ಗುಡಿಸಿದರೂ ಹೋಗುವುದಿಲ್ಲ.

ಹೊಸ ಹಳಿಯ ಒಂದು ವಿಷಯ ನನಗೆ ಬಹಳ ಇಷ್ಟ. ಹಳಿಯ ಒಂದು ಅಂಚಿಗೆ ರಬ್ಬರಿನಂಥ ಪಟ್ಟಿ ಅಂಟಿಸಿರುತ್ತಾರೆ, ಬೇಕಾದ್ದಕ್ಕಿಂತ ಸ್ವಲ್ಪ ಅಗಲವಾಗಿ. ಮೊದಲ ಸಲ ಗರಗಸ ಓಡಿಸಿದಾಗ ಅದೇ ಆ ಪಟ್ಟಿಯನ್ನು ಸೀಳಿಕೊಂಡು ಹೋಗುತ್ತದೆ. ಅವತ್ತಿನಿಂದ ಆ ಅಂಚು ನಿಮ್ಮ ಗರಗಸದ, ನಿಮ್ಮ ಬ್ಲೇಡಿನ ಅಂಚು. ಪೆನ್ಸಿಲ್ ಗೆರೆಯ ಮೇಲೆ ಆ ಪಟ್ಟಿಯ ಅಂಚನ್ನು ಕೂರಿಸಿದರೆ ಬ್ಲೇಡ್ ಅಲ್ಲೇ ಹೋಗುತ್ತದೆ. ಕೂಡಿಸಿ ಕಳೆಯುವ ಲೆಕ್ಕವಿಲ್ಲ. ಪಟ್ಟಿ ಮರದ ಎಳೆಯನ್ನು ಮೇಲಿನಿಂದ ಒತ್ತಿ ಹಿಡಿಯುವುದರಿಂದ ಚಕ್ಕೆ ಏಳುವುದಿಲ್ಲ. ಸನ್‌ಮೈಕಾ ಅಂಟಿಸಿದ ಪ್ಲೈ ಆದರೆ ಮೊದಲು ಎರಡು ಮೂರು ಮಿಲಿಮೀಟರ್ ಆಳಕ್ಕೆ ಒಂದು ಗೀರು, ಆಮೇಲೆ ಪೂರ್ತಿ ಆಳಕ್ಕೆ ಇನ್ನೊಂದು ಓಟ. ಬೆರಳು ಸವರಿದರೆ ಉಗುರಿಗೂ ಏನೂ ಸಿಗುವುದಿಲ್ಲ. ಹಳಿಯ ಆಚೆ ಉಳಿಯುವ ತುಂಡಿನ ಅಂಚು ಅಷ್ಟು ಚೆನ್ನಾಗಿರುವುದಿಲ್ಲ, ಅದು ಸರಿ. ಬೇಕಾದ ತುಂಡು ಯಾವಾಗಲೂ ಹಳಿಯ ಕೆಳಗಿರಲಿ.

ಇಲ್ಲೇ ಇನ್ನೊಂದು ಮಾತು. ಕೈಯಲ್ಲಿ ಹಿಡಿದು ಓಡಿಸುವ ಕರೆಂಟಿನ ಗರಗಸದ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತದೆ. ಟೇಬಲ್ ಸಾನಲ್ಲಿ ಹಲ್ಲು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಹಾಗಾಗಿ ಟೇಬಲ್ ಸಾನಲ್ಲಿ ಚಂದದ ಮುಖ ಮೇಲಿರಬೇಕು, ಚಕ್ಕೆ ಕೆಳಗಡೆ ಏಳುತ್ತದೆ. ಹಳಿಯಿಲ್ಲದ ಸಾಧಾರಣ ಸರ್ಕ್ಯುಲರ್ ಸಾ ಆದರೆ ಚಂದದ ಮುಖ ಕೆಳಗೆ. ಎರಡೂ ಕಡೆ ಸನ್‌ಮೈಕಾ ಇರುವ ಹಲಗೆಗೆ ಟ್ರ್ಯಾಕ್ ಸಾನೇ ವಾಸಿ.

ಈಗ ಟೇಬಲ್ ಸಾನ ಪರ ವಾದ. ಅದಕ್ಕೆ ನನ್ನ ಗೊಂಬೆ ಮೆಟ್ಟಿಲಿನ ಕತೆಯೇ ಸಾಕು.

ದಸರಾಕ್ಕೆ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಮೊದಲೆಲ್ಲ ಟ್ರಂಕು, ಸ್ಟೂಲು, ಮೇಜು ಜೋಡಿಸಿ ಮೇಲೆ ಬಿಳಿ ಪಂಚೆ ಹಾಸುವುದು. ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಲ್ಲಿ ನಿಂತು ಒಂದೊಂದು ವರ್ಷ ಒಂದೊಂದು ಕಡೆಗೆ ವಾಲುತ್ತಿದ್ದವು. ಬಿಚ್ಚಿ ಜೋಡಿಸುವಂಥ ಏಳು ಮೆಟ್ಟಿಲು ಮಾಡೋಣ, ಹಬ್ಬ ಮುಗಿದ ಮೇಲೆ ಅದೇ ಪುಸ್ತಕದ ಕಪಾಟಾಗಲಿ ಅಂತ ಯೋಚನೆ ಮಾಡಿದೆ. ಮೆಟ್ಟಿಲು ನಾಲ್ಕಡಿ ಉದ್ದ, ಒಂಬತ್ತು ಇಂಚು ಅಗಲ. ಶೀಟಿನ ಅಗಲವೇ ನಾಲ್ಕಡಿ. ಅಂದರೆ ಶೀಟಿಗೆ ಅಡ್ಡಲಾಗಿ ಏಳು ಸಲ ಕೊಯ್ದರೆ ಏಳು ಮೆಟ್ಟಿಲು. ನಾಲ್ಕಡಿ ಅಂದರೆ 1,220 ಮಿಲಿಮೀಟರ್. 1,400ರ ಒಂದೇ ಹಳಿ ಸಾಕು, ಎರಡು ಜೋಡಿಸುವ ತಾಪತ್ರಯವಿಲ್ಲ. ಏಳು ಒಂಬತ್ತಲಿ ಅರವತ್ತಮೂರು ಇಂಚು. ಬ್ಲೇಡಿನ ದಪ್ಪ 2.2 ಮಿಲಿಮೀಟರ್, ಏಳು ಕೊಯ್ತಕ್ಕೆ ಅರ್ಧ ಇಂಚಿಗಿಂತ ಒಂಚೂರು ಜಾಸ್ತಿ ಬರೀ ಹೊಟ್ಟಾಗಿ ಹೋಗುತ್ತದೆ. ಉಳಿದ ಮೂವತ್ತೆರಡು ಇಂಚು ಚಿಲ್ಲರೆಯಲ್ಲಿ ಪಕ್ಕದ ಪಟ್ಟಿಗಳು. ಗಣಿತದವಳಿಗೆ ಇದಕ್ಕಿಂತ ಸುಖ ಏನು ಬೇಕು?

ಏಳೂ ಒಂದೇ ಅಗಲ ಬರಬೇಕು ತಾನೇ? ಟ್ರ್ಯಾಕ್ ಸಾನ ದೌರ್ಬಲ್ಯ ಇಲ್ಲಿದೆ. ಪ್ರತಿ ಸಲ ಎರಡೂ ತುದಿಯಲ್ಲಿ ಅಳೆದು ಗುರುತು ಹಾಕಿ ಹಳಿ ಕೂರಿಸಬೇಕು. ಗುರುತು ಅರ್ಧ ನೂಲು ಆಚೀಚೆ ಆದರೆ ತುಂಡೂ ಅಷ್ಟೇ ಆಚೀಚೆ. ಅದಕ್ಕೆ ನಾನು ಮಾಡುವ ಉಪಾಯ ಹೀಗೆ. ಒಂದೇ ಅಳತೆಯ ಎರಡು ಪ್ಲೈ ತುಂಡು ಮಾಡಿಕೊಳ್ಳುತ್ತೇನೆ. ಅವುಗಳ ಒಂದು ತುದಿ ಶೀಟಿನ ಅಂಚಿಗೆ ಸರಿಯಾಗಿ ಕೂತರೆ ಇನ್ನೊಂದು ತುದಿ ಹಳಿಯ ಬೆನ್ನಿಗೆ ತಾಗುತ್ತದೆ. ಟೇಪು ಮುಟ್ಟುವ ಕೆಲಸವೇ ಇಲ್ಲ. ಆದರೂ ಮೊದಲ ಕೊಯ್ತ ಮೂಲೆಗೆ ನೇರವಾಗಿರಬೇಕು. ಹಳಿ ನೇರ ಕೊಯ್ಯುತ್ತದೆ, ತೊಂಬತ್ತು ಡಿಗ್ರಿ ಕೊಡುವ ಜವಾಬ್ದಾರಿ ಅದರದ್ದಲ್ಲ. ಸಣ್ಣ ಮೂಲೆಮಟ್ಟ ನಂಬಿಕೊಂಡು ನಾಲ್ಕಡಿ ಎಳೆದರೆ ಆ ತುದಿಯಲ್ಲಿ ಎಡವಟ್ಟಾಗುತ್ತದೆ. ಮೂರಡಿ, ನಾಲ್ಕಡಿ, ಐದಡಿ ಲೆಕ್ಕ ಹಿಡಿಯಿರಿ: ಮೂಲೆಯಿಂದ ಒಂದು ಅಂಚಿಗೆ ಮೂರಡಿ, ಇನ್ನೊಂದಕ್ಕೆ ನಾಲ್ಕಡಿ ಗುರುತು ಹಾಕಿ, ಎರಡರ ನಡುವೆ ಓರೆಯಾಗಿ ಐದಡಿ ಬಂದರೆ ಮೂಲೆ ನೇರ. ಕಟ್ಟಡದ ಮೇಸ್ತ್ರಿಗಳು ಪಾಯ ಹಾಕುವಾಗ ದಾರ ಕಟ್ಟಿ ಮಾಡುವುದೂ ಇದನ್ನೇ. ಮಕ್ಕಳಿಗೆ ಪೈಥಾಗೊರಸ್ ಪಾಠ ಮಾಡುವಾಗ ನಾನು ಪೋರ್ಟಿಕೋದ ಫೋಟೋ ತೋರಿಸುತ್ತೇನೆ.

ಮೆಟ್ಟಿಲುಗಳೇನೋ ಬಂದವು. ಆದರೆ ಪ್ಲೈನ ಮೇಲ್ಪದರದ ಎಳೆ ಶೀಟಿನ ಉದ್ದಕ್ಕೆ ಹೋಗುತ್ತದೆ. ನಾನು ಅಡ್ಡಕ್ಕೆ ಕೊಯ್ದಿದ್ದರಿಂದ ಎಳೆ ಮೆಟ್ಟಿಲಿಗೆ ಅಡ್ಡಡ್ಡ. ಇಂಥ ಹಲಗೆ ನಾಲ್ಕಡಿ ಉದ್ದಕ್ಕೆ ಪುಸ್ತಕದ ಭಾರ ಹೊತ್ತರೆ ಮಧ್ಯೆ ತಗ್ಗುತ್ತದೆ. ಇದು ಮೊದಲೇ ಗೊತ್ತಿದ್ದದ್ದೇ, ಒಂದೇ ಶೀಟಿನಲ್ಲಿ ಮುಗಿಸುವ ಆಸೆಗೆ ಒಪ್ಪಿಕೊಂಡದ್ದು. ಪರಿಹಾರ: ಮುಂದಿನ ಅಂಚಿಗೆ ತೇಗದ ಪಟ್ಟಿ. ಒಂದೂವರೆ ಇಂಚು ಎತ್ತರ, ಮುಕ್ಕಾಲು ಇಂಚು ದಪ್ಪ. ಪಟ್ಟಿ ನಿಲುವಾಗಿ ಅಂಟಿದರೆ ಹಲಗೆ ಬಗ್ಗುವುದಿಲ್ಲ, ಪ್ಲೈನ ಪದರಗಳೂ ಕಾಣುವುದಿಲ್ಲ.

ಅಂಥ ಏಳು ಪಟ್ಟಿ ಟ್ರ್ಯಾಕ್ ಸಾನಲ್ಲಿ ಸೀಳಿ ನೋಡೋಣ ಅಂತ ಕೂತರೆ ಗೋಳು ಗೊತ್ತಾಗುತ್ತದೆ. ಹಳಿಯ ಅಗಲವೇ ಏಳಿಂಚಿನ ಹತ್ತಿರ. ಮೂರು ನಾಲ್ಕು ಇಂಚಿನ ತೇಗದ ತುಂಡಿನ ಮೇಲೆ ಅದು ಕೂರುವುದೇ ಇಲ್ಲ, ತೂಗಾಡುತ್ತದೆ. ಪಕ್ಕದಲ್ಲಿ ಅಷ್ಟೇ ದಪ್ಪದ ಮರ ಇಟ್ಟು ಆಧಾರ ಕೊಡಬೇಕು, ಎಲ್ಲವನ್ನೂ ಕ್ಲ್ಯಾಂಪ್ ಮಾಡಬೇಕು, ಒಂದು ಪಟ್ಟಿ ಆದ ಮೇಲೆ ಮತ್ತೆ ಎಲ್ಲ ಬಿಚ್ಚಬೇಕು. ಮಾಡಬಹುದು. ಆದರೆ ಮಾಡಬಾರದು.

ತೇಗದ ತುಂಡನ್ನು ಕಾರಿನಲ್ಲಿ ಹಾಕಿಕೊಂಡು ಶ್ರೀರಂಗಪಟ್ಟಣ ದಾಟಿ ತಮ್ಮನ ಶೆಡ್ಡಿಗೆ ಹೋದೆ. ಟೇಬಲ್ ಸಾಗೆ 24 ಹಲ್ಲಿನ ಬ್ಲೇಡ್ ಹಾಕಿದ. ಫೆನ್ಸನ್ನು ಮುಕ್ಕಾಲು ಇಂಚಿಗೆ ಬಿಗಿ ಮಾಡಿದ. ಬ್ಲೇಡಿನ ಮುಂದಿನ ಹಲ್ಲಿಗೆ ಒಂದು ಸಲ, ಹಿಂದಿನ ಹಲ್ಲಿಗೆ ಒಂದು ಸಲ ಅಳೆದ. ಈ ಹಿಂದಿನ ಅಳತೆ ಬಿಡಬೇಡಿ. ಹಗುರವಾದ ಫೆನ್ಸುಗಳು ಬಿಗಿ ಮಾಡುವಾಗ ಹಿಂದುಗಡೆ ಕೂದಲೆಳೆಯಷ್ಟು ಒಳಕ್ಕೆ ಸರಿಯುವುದುಂಟು. ಆಮೇಲೆ ಒಂದರ ಹಿಂದೆ ಒಂದು ಪಟ್ಟಿ ಬರುತ್ತಲೇ ಇತ್ತು. ಏಳನ್ನೂ ಒಟ್ಟಿಗೆ ಕಟ್ಟಿ ನಿಲ್ಲಿಸಿ ಮೇಲೆ ಅಂಗೈ ಆಡಿಸಿದೆ, ಯಾವುದು ಎಲ್ಲಿ ಮುಗಿಯಿತು ಅಂತ ತಿಳಿಯಲಿಲ್ಲ. ಚಹಾ ಆರುವಷ್ಟರಲ್ಲಿ ಕೆಲಸ ಮುಗಿದಿತ್ತು. ಇಂಥ ಕೆಲಸಕ್ಕೆ ಟೇಬಲ್ ಸಾ ಬಿಟ್ಟರೆ ಇನ್ನೊಂದಿಲ್ಲ. ಬಾಗಿಲ ಚೌಕಟ್ಟು, ಬೀಡಿಂಗ್, ಕುರ್ಚಿಯ ಕಾಲು, ಕಿಟಕಿಯ ಪಟ್ಟಿ ಮಾಡುವವರಿಗೆ, ಅಂದರೆ ಗಟ್ಟಿಮರದಲ್ಲಿ ಕೆಲಸ ಮಾಡುವವರಿಗೆ ನನ್ನ ಮೊದಲ ಸಾಲಿನ ಸಲಹೆ ಅನ್ವಯಿಸುವುದಿಲ್ಲ. ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್, ಹಿತ್ತಲಿನ ಹಲಸು ಕೊಯ್ಸಿ ಇಟ್ಟುಕೊಂಡವರು ಟೇಬಲ್ ಸಾನೇ ತಗೊಳ್ಳಿ.

ಆಳದ ಲೆಕ್ಕವೂ ಇದೆ. ಟ್ರ್ಯಾಕ್ ಸಾಗಳು ನೇರಕ್ಕೆ 55 ಮಿಲಿಮೀಟರಿನ ಆಸುಪಾಸು ಇಳಿಯುತ್ತವೆ, ನನ್ನದು 56. ಬಾಷ್‌ನ ಜಿಕೆಟಿ 55, ಫೆಸ್ಟೂಲ್‌ನ ಟಿಎಸ್ 55 ಇವುಗಳ ಹೆಸರಿನಲ್ಲೇ ಆ ಅಂಕಿ ಇದೆ. ಹತ್ತಿಂಚಿನ ಟೇಬಲ್ ಸಾಗಳು ಮೂರಿಂಚಿನಷ್ಟು ಮರ ಕೊಯ್ಯುತ್ತವೆ. ಎರಡಿಂಚಿನ ತೇಗಕ್ಕೆ ಟ್ರ್ಯಾಕ್ ಸಾ ಹಾಕಿದರೆ ಕೊಯ್ಯುತ್ತದೆ, ಆದರೆ ಏದುಸಿರು ಬಿಟ್ಟುಕೊಂಡು. ಪ್ಲೈಗೆ ಬಳಸುವ 48 ಹಲ್ಲಿನ ಬ್ಲೇಡನ್ನೇ ಇಟ್ಟರಂತೂ ಮರ ಸುಟ್ಟು ಕಪ್ಪಾಗುತ್ತದೆ.

ಟೇಬಲ್ ಸಾ ಬಗ್ಗೆ ಹೇಳುವಾಗ ಬೆರಳಿನ ಮಾತು ಬಿಡುವ ಹಾಗಿಲ್ಲ. ನನಗೆ ಅದರ ಮೇಲಿರುವುದು ಗೌರವಕ್ಕಿಂತ ಭಯ ಅಂತಲೇ ಇಟ್ಟುಕೊಳ್ಳಿ. ಮರ ಬ್ಲೇಡಿಗೂ ಫೆನ್ಸಿಗೂ ಮಧ್ಯೆ ಸಿಕ್ಕಿಕೊಂಡರೆ, ಅಥವಾ ಸೀಳಿದ ಬಾಯಿ ಮುಚ್ಚಿಕೊಂಡು ಬ್ಲೇಡನ್ನು ಹಿಡಿದರೆ, ಬ್ಲೇಡಿನ ಹಿಂಭಾಗದ ಹಲ್ಲು ಮೇಲೇಳುತ್ತಾ ಮರವನ್ನು ಎತ್ತಿ ನಿಮ್ಮ ಕಡೆ ಎಸೆಯುತ್ತದೆ. ಕಿಕ್‌ಬ್ಯಾಕ್ ಅನ್ನುವುದು ಇದನ್ನೇ. ಬ್ಲೇಡಿನ ಹಿಂದೆ ನಿಂತಿರುವ ತೆಳು ಉಕ್ಕಿನ ರೆಕ್ಕೆ, ರಿವಿಂಗ್ ನೈಫ್, ಇರುವುದೇ ಸೀಳು ಮುಚ್ಚದಿರಲಿ ಅಂತ. ಅಡ್ಡ ಬರುತ್ತದೆ ಅಂತ ಅದನ್ನು ಬಿಚ್ಚಿಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬ್ಲೇಡಿನ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ಹಿಂದುಗಡೆ ಹಲಗೆ ಹಿಡಿಯುವವರು ಎಳೆಯಬಾರದು, ಬರೀ ತಾಳಿಕೊಳ್ಳಬೇಕು. ಪ್ರೀತಿಯಿಂದ ಸಹಾಯಕ್ಕೆ ಬಂದವರು ಮಾಡುವ ಮೊದಲ ಕೆಲಸವೇ ಎಳೆಯುವುದು. ಕೊನೆಯ ಒಂದಡಿ ಬೆರಳಿನಿಂದಲ್ಲ, ನೂಕುಕೋಲಿನಿಂದ. ಪಟ್ಟಿ ಕಾಲಿಂಚಿನಷ್ಟು ತೆಳು ಬೇಕಾದರೆ ಅದು ಬ್ಲೇಡಿನ ಆಚೆ ಬದಿಗೆ ಬೀಳುವ ಹಾಗೆ ಫೆನ್ಸ್ ಸರಿಸುತ್ತಾ ಹೋಗಿ, ಫೆನ್ಸಿನ ಕಡೆ ಸಿಕ್ಕಿಸಬೇಡಿ. ಕೈಗವಸು ಹಾಕಬೇಡಿ, ಬ್ಲೇಡ್ ಅದನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ನನ್ನಂಥವರಿಗೆ ಇನ್ನೊಂದು: ದುಪಟ್ಟಾ ಒಳಗಿಟ್ಟು ಬನ್ನಿ, ಬಳೆ ತೆಗೆದಿಡಿ, ಜಡೆಯನ್ನು ತುರುಬು ಕಟ್ಟಿ.

ಅಮೆರಿಕದಲ್ಲಿ ಸಾಸ್ಟಾಪ್ ಅಂತ ಒಂದು ಟೇಬಲ್ ಸಾ ಇದೆ. ಚರ್ಮ ತಾಗಿದ ಕೂಡಲೇ ಬ್ಲೇಡಿನಲ್ಲಿ ಹರಿಯುವ ಸಣ್ಣ ಸಿಗ್ನಲ್ ಬದಲಾಗುತ್ತದೆ, ಅಲ್ಯೂಮಿನಿಯಂ ತುಂಡೊಂದು ಚಿಮ್ಮಿ ಬ್ಲೇಡಿಗೆ ಕಚ್ಚಿಕೊಳ್ಳುತ್ತದೆ, 5 ಮಿಲಿಸೆಕೆಂಡಿನೊಳಗೆ ಎಲ್ಲ ನಿಲ್ಲುತ್ತದೆ. ಬ್ಲೇಡೂ ಹಾಳು, ಬ್ರೇಕೂ ಹಾಳು, ಬೆರಳಿಗೆ ಬರೀ ಗೀರು. ಫೆಸ್ಟೂಲ್‌ನ ಮಾತೃ ಕಂಪನಿ 2017ರಲ್ಲಿ ಅದನ್ನು ಕೊಂಡುಕೊಂಡಿತು. ನಮ್ಮ ಅಂಗಡಿಗಳಲ್ಲಿ ಕಾಣುವ, ಕೆಲಸದ ಜಾಗಕ್ಕೆ ಹೊತ್ತೊಯ್ಯುವಂಥ ಟೇಬಲ್ ಸಾಗಳಲ್ಲಿ ಇದಿಲ್ಲ. ನಮ್ಮ ಬ್ರೇಕು ನಮ್ಮ ತಲೆಯಲ್ಲೇ ಇರಬೇಕು.

ಹಾಗಂತ ಟ್ರ್ಯಾಕ್ ಸಾ ಆಟಿಕೆಯಲ್ಲ. ಅದೂ ಒದೆಯುತ್ತದೆ, ಮುಖ್ಯವಾಗಿ ಹಲಗೆಯ ಮಧ್ಯದಲ್ಲಿ ಬ್ಲೇಡ್ ಇಳಿಸುವಾಗ. ಆದರೆ ಎರಡೂ ಕೈ ಹಿಡಿಯ ಮೇಲಿರುತ್ತವೆ, ಬ್ಲೇಡ್ ಕವಚದೊಳಗಿರುತ್ತದೆ, ಒತ್ತಡ ಬಿಟ್ಟರೆ ಮೇಲೆ ಹೋಗಿ ಅಡಗುತ್ತದೆ. ಬೆರಳು ಬ್ಲೇಡಿನ ಹತ್ತಿರ ಹೋಗುವ ಸಂದರ್ಭವೇ ಕಡಿಮೆ. ಒಬ್ಬಳೇ ಮನೆಯಲ್ಲಿರುವಾಗ ಕೆಲಸ ಮಾಡುವವಳಿಗೆ ಇದು ದೊಡ್ಡ ಸಮಾಧಾನ.

ನಮ್ಮ ಮನೆಗೆ ಬಾಗಿಲು ಕಿಟಕಿ ಮಾಡಿದ ಆಚಾರಿಯೊಬ್ಬರಿಗೆ ಟ್ರ್ಯಾಕ್ ಸಾ ತೋರಿಸಿದೆ. ಒಂದು ಶೀಟು ಕೊಯ್ದು ನೋಡಿದರು. ಅಂಚನ್ನು ಬೆಳಕಿಗೆ ಹಿಡಿದು ನೋಡಿದರು. "ಕ್ಲೀನಾಗಿದೆ ಮೇಡಂ. ಆದ್ರೆ ನನಗೆ ಬೇಡ" ಅಂದರು. ಕಾರಣ ಕೇಳಿದೆ. ಅವರ ಹತ್ತಿರ ಇರುವುದು ಏಳಿಂಚಿನ ಸಾಧಾರಣ ಸರ್ಕ್ಯುಲರ್ ಸಾ. ಬೆಳಿಗ್ಗೆ ಅದರಲ್ಲೇ ಶೀಟು ಕೊಯ್ಯುತ್ತಾರೆ. ಮಧ್ಯಾಹ್ನ ಅದನ್ನೇ ಒಂದು ಪ್ಲೈ ಹಲಗೆಯ ಕೆಳಗೆ ತಲೆಕೆಳಗಾಗಿ ಬಿಗಿದು, ಬ್ಲೇಡ್ ಮೇಲೆ ಬರುವ ಹಾಗೆ ಮಾಡಿ, ಮರದ ಪಟ್ಟಿಯೊಂದನ್ನು ಫೆನ್ಸ್ ಮಾಡಿಕೊಂಡು ಬೀಡಿಂಗ್ ಸೀಳುತ್ತಾರೆ. ಒಂದೇ ಮೆಷಿನ್ನು, ಎರಡು ಕೆಲಸ. ಟ್ರ್ಯಾಕ್ ಸಾನಲ್ಲಿ ಆ ಎರಡನೇ ಕೆಲಸ ಆಗುವುದಿಲ್ಲ. ಅವರ ಮಾತು ನೂರಕ್ಕೆ ನೂರು ಸರಿ. ಆದರೆ ಆ ತಲೆಕೆಳಗಿನ ಮೇಜಿಗೆ ಕವಚವಿಲ್ಲ, ರಿವಿಂಗ್ ನೈಫಿಲ್ಲ, ಕೈಗೆಟಕುವ ಸ್ವಿಚ್ಚೂ ಇಲ್ಲ. ಅವರ ಕೈಗೆ ಮೂವತ್ತು ವರ್ಷದ ಪಳಗಿದ ಅಂದಾಜು ಇದೆ. ನನಗಿರುವುದು ಭಾನುವಾರದ ಅಂದಾಜು. ಮನೆಯಲ್ಲಿ ಹವ್ಯಾಸಕ್ಕೆ ಮಾಡುವವರು ಅದನ್ನು ಅನುಕರಿಸಬೇಡಿ.

ಅಂದಹಾಗೆ, ಅರಮನೆಯ ಅಂಬಾವಿಲಾಸದಲ್ಲಿ ದಂತದ ಕುಸುರಿ ಕೂರಿಸಿದ ಬೀಟೆ ಮರದ ಬಾಗಿಲಿದೆ. ಅದರ ಮುಂದೆ ನಿಂತರೆ ನಮ್ಮ ಹಳಿ, ಫೆನ್ಸಿನ ಜಗಳಕ್ಕೆ ಸ್ವಲ್ಪ ನಗು ಬರುತ್ತದೆ. ಇರಲಿ, ನಾವು ಮಾಡುತ್ತಿರುವುದು ಚಪ್ಪಲಿ ಸ್ಟ್ಯಾಂಡು.

ಕರೆಂಟಿನ ವಿಷಯ ಚಿಕ್ಕದಾಗಿ. ಟ್ರ್ಯಾಕ್ ಸಾ 1,300 ವ್ಯಾಟ್, ಅಂದರೆ 230 ವೋಲ್ಟಿನಲ್ಲಿ ಹತ್ತಿರ ಹತ್ತಿರ ಆರು ಆಂಪ್ಸ್. ಜೊತೆಗೆ ವ್ಯಾಕ್ಯೂಮ್ ಕ್ಲೀನರ್ ಹಾಕಿದರೆ ಸಣ್ಣ ಸಾಕೆಟ್ಟಿನಲ್ಲಿ ಆಗುವುದಿಲ್ಲ. ಟೇಬಲ್ ಸಾ ಆದರೆ ಸಾಮಾನ್ಯವಾಗಿ ಇನ್ನೂ ಜಾಸ್ತಿ. ಎರಡಕ್ಕೂ 16 ಆಂಪ್ಸಿನ ಸಾಕೆಟ್ಟು, 2.5 ಚದರ ಮಿಲಿಮೀಟರಿನ ವೈರಿನ ಎಕ್ಸ್‌ಟೆನ್ಷನ್ ಇಟ್ಟುಕೊಳ್ಳಿ. ಟಿವಿಗೆ ತಂದ ತೆಳು ಎಕ್ಸ್‌ಟೆನ್ಷನ್ ಬಿಸಿಯಾಗುತ್ತದೆ. ತಮ್ಮನ ತೋಟದಲ್ಲಿ ಸಂಜೆ ವೋಲ್ಟೇಜ್ ಇಳಿದರೆ ಟೇಬಲ್ ಸಾನ ಸದ್ದೇ ಬದಲಾಗುತ್ತದೆ. ಆಗ ನೂಕಿದರೆ ತೇಗದ ಮೇಲೆ ಸುಟ್ಟ ಗುರುತು ಬೀಳುತ್ತದೆ. ಬೆಳಿಗ್ಗೆಯೇ ಮುಗಿಸಿಬಿಡುತ್ತೇವೆ.

ಧೂಳು ಚಿಕ್ಕ ವಿಷಯವಲ್ಲ. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ. ಟ್ರ್ಯಾಕ್ ಸಾನಲ್ಲಿ ಬ್ಲೇಡ್ ಕವಚದೊಳಗೇ ಇರುವುದರಿಂದ ವ್ಯಾಕ್ಯೂಮ್ ಪೈಪು ಸಿಕ್ಕಿಸಿದರೆ ಹೆಚ್ಚಿನ ಹೊಟ್ಟು ಒಳಗೇ ಹೋಗುತ್ತದೆ. ಪಕ್ಕದ ಮನೆಯವರು ಬಟ್ಟೆ ಒಣಹಾಕಿದ್ದರೂ ಧೈರ್ಯವಾಗಿ ಕೊಯ್ಯಬಹುದು. ಟೇಬಲ್ ಸಾ ಮೇಲುಗಡೆ ತೆರೆದಿರುತ್ತದೆ, ಎಷ್ಟೇ ಎಳೆದರೂ ಮುಖಕ್ಕೆ ಚಿಮ್ಮುತ್ತದೆ. ಆಲೆಮನೆಯ ಶೆಡ್ಡಿನಲ್ಲಿ ಯಾರೂ ಕೇಳುವುದಿಲ್ಲ, ಕುವೆಂಪುನಗರದಲ್ಲಿ ಕೇಳುತ್ತಾರೆ. ಎಲ್ಲಿದ್ದರೂ ಎನ್95 ಮಾಸ್ಕು ಹಾಕಿ, ಕಿವಿಗೆ ಮಫ್ ಹಾಕಿ. ಸದ್ದಂತೂ ಎರಡರದ್ದೂ ಒಂದೇ. ಮಧ್ಯಾಹ್ನ ಒಂದು ಗಂಟೆಯಿಂದ ನಾಲ್ಕರವರೆಗೆ ನಾನು ಮೆಷಿನ್ ಮುಟ್ಟುವುದಿಲ್ಲ. ನಿದ್ದೆಗೆಟ್ಟ ನೆರೆಯವರ ಜೊತೆ ಬಾಳುವುದು ಕಷ್ಟ.

ಕೊಳ್ಳುವಾಗಿನ ಅನುಭವ. ಬಂಬೂ ಬಜಾರ್ ಕಡೆಯ ಅಂಗಡಿಯೊಂದರಲ್ಲಿ ಟ್ರ್ಯಾಕ್ ಸಾ ಬೇಕು ಅಂದೆ. "ಮೇಡಂ, ಅದೆಲ್ಲ ಯಾಕೆ? ಫೋರ್ ಇಂಚ್ ಕಟರ್ ತಗೊಳಿ, ಟೈಲ್ಸೂ ಕಟ್ ಮಾಡುತ್ತೆ, ಮರಾನೂ ಕಟ್ ಮಾಡುತ್ತೆ" ಅಂತ ಮಾರ್ಬಲ್ ಕಟರ್ ತೆಗೆದಿಟ್ಟರು. ಅದು ಕೊಯ್ಯುವುದು ನಿಜ, ಆದರೆ ಕಲ್ಲಿಗೆ ಮಾಡಿದ ವೇಗದ ಮೆಷಿನ್ನಿಗೆ ಮರದ ಬ್ಲೇಡ್ ಹಾಕುವುದು ಅಪಾಯ, ಸುಮ್ನೆ ಅಗ್ಗ ಅಂತ ಮೋಹಗೊಳ್ಳಬೇಡಿ. ಟ್ರ್ಯಾಕ್ ಸಾ ಶೋಕೇಸಿನಲ್ಲಿ ಸಿಗುವ ಸರಕಲ್ಲ, ಆರ್ಡರ್ ಹಾಕಿಸಬೇಕು. ಆರ್ಡರ್ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿ: ಹಳಿ ಜೊತೆಗೇ ಬರುತ್ತದಾ? ಎಷ್ಟೋ ಕಡೆ ಗರಗಸದ ಬೆಲೆಯನ್ನಷ್ಟೇ ಹೇಳುತ್ತಾರೆ. ಹಳಿ ಬೇರೆ, ಎರಡು ಹಳಿ ಜೋಡಿಸುವ ಕಂಬಿ ಬೇರೆ, ಕ್ಲ್ಯಾಂಪು ಬೇರೆ. ಎಲ್ಲ ಸೇರಿದಾಗ ಒಳ್ಳೆಯ ಟೇಬಲ್ ಸಾನ ಹತ್ತಿರಕ್ಕೇ ಬಿಲ್ಲು ಬಂದು ನಿಲ್ಲುತ್ತದೆ. "ಟ್ರ್ಯಾಕ್ ಸಾ ಅಗ್ಗ" ಅನ್ನುವ ಮಾತನ್ನು ನಂಬಬೇಡಿ. ಫೆಸ್ಟೂಲ್ ಆದರೆ ಕೇಳುವುದೇ ಬೇಡ, ಮನೆಯವರ ಎದುರು ಬೆಲೆ ಹೇಳುವ ಹಾಗಿಲ್ಲ.

ಹಳಿಯ ಉದ್ದದ ಬಗ್ಗೆಯೂ ಯೋಚಿಸಿ. ಮೂರು ಮೀಟರಿನ ಒಂದೇ ಹಳಿಯೂ ಸಿಗುತ್ತದೆ, ಎಂಟಡಿ ಶೀಟಿಗೆ ಅದೇ ಸೊಗಸು. ಆದರೆ ಹತ್ತಡಿ ಉದ್ದದ ಅಲ್ಯೂಮಿನಿಯಂ ಪಟ್ಟಿಯನ್ನು ಆಟೋದಲ್ಲಿ ತರುವುದು ಹೇಗೆ, ಮನೆಯಲ್ಲಿ ಎಲ್ಲಿಡುವುದು? 1,400ರ ಎರಡು ಜೋಡಿಸಿದರೆ 2,800, ಶೀಟು 2,440. ಗರಗಸ ಹತ್ತಿಸಿ ಇಳಿಸಲು 360 ಮಿಲಿಮೀಟರ್ ಉಳಿಯುತ್ತದೆ, ಸಾಕು. ಜೋಡಿಸಿದ ಮೇಲೆ ಉದ್ದನೆಯ ನೇರ ಪಟ್ಟಿ ಇಟ್ಟು ಪರೀಕ್ಷೆ ಮಾಡಿ. ಕೀಲಿನಲ್ಲಿ ಚೂರೇ ಚೂರು ಸೊಟ್ಟಗಾದರೂ ಎಂಟಡಿ ಕೊಯ್ತ ಬಿಲ್ಲಿನಂತೆ ಬಾಗುತ್ತದೆ.

ಅಷ್ಟು ದುಡ್ಡು ಹಾಕುವುದು ಬೇಡ ಅನ್ನುವವರಿಗೆ ಮಧ್ಯದ ದಾರಿಯೊಂದಿದೆ. ಸಾಧಾರಣ ಏಳಿಂಚಿನ ಸರ್ಕ್ಯುಲರ್ ಸಾ ತಗೊಳ್ಳಿ. ಅಲ್ಯೂಮಿನಿಯಂ ಕಿಟಕಿ ಮಾಡುವ ಅಂಗಡಿಯಲ್ಲಿ ಒಂದು ನೇರವಾದ ಚೌಕ ಪೈಪು ಕೊಂಡು, ಎರಡು ಕ್ಲ್ಯಾಂಪಿನಿಂದ ಶೀಟಿಗೆ ಬಿಗಿಯಿರಿ. ಗರಗಸದ ತಳದ ಅಂಚನ್ನು ಅದಕ್ಕೆ ಒತ್ತಿ ಓಡಿಸಿ. ಚಕ್ಕೆ ಏಳುತ್ತದೆ, ತಳದ ಅಂಚಿನಿಂದ ಬ್ಲೇಡಿಗಿರುವ ದೂರವನ್ನು ಪ್ರತಿ ಸಲ ಕಳೆಯಬೇಕು, ಧೂಳು ಮುಖಕ್ಕೇ ಬರುತ್ತದೆ. ಆದರೂ ಕೊಯ್ತ ನೇರ ಇರುತ್ತದೆ. ಮೊದಲ ಕಪಾಟಿಗೆ ಇದು ಧಾರಾಳ ಸಾಕು.

ಮಾಡುವುದು ಒಂದೇ ವಾರ್ಡ್‌ರೋಬು, ಆಮೇಲೆ ಏನೂ ಇಲ್ಲ ಅನ್ನುವವರು ಯಾವ ಮೆಷಿನ್ನನ್ನೂ ಕೊಳ್ಳಬೇಡಿ. ಪ್ಯಾನಲ್ ಸಾ, ಅಂದರೆ ಪೂರ್ತಿ ಶೀಟು ಕೊಯ್ಯುವ ದೊಡ್ಡ ಮೆಷಿನ್ನು ಇಟ್ಟಿರುವ ವರ್ಕ್‌ಶಾಪಿನಲ್ಲಿ ಅಳತೆ ಕೊಟ್ಟರೆ ಕೊಯ್ದು ಕೊಡುತ್ತಾರೆ, ಕೆಲವರು ಅಂಚಿಗೆ ಬ್ಯಾಂಡ್ ಕೂಡ ಅಂಟಿಸಿ ಕೊಡುತ್ತಾರೆ. ಅವರ ಮೆಷಿನ್ನಿನಲ್ಲಿ ದೊಡ್ಡ ಬ್ಲೇಡಿನ ಮುಂದೆ ಗೀರು ಹಾಕುವ ಸಣ್ಣ ಬ್ಲೇಡೊಂದು ಓಡುತ್ತಿರುತ್ತದೆ, ಎರಡೂ ಮುಖ ಶುದ್ಧವಾಗಿ ಬರುತ್ತದೆ. ಅಳತೆಯನ್ನು ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ, ಮಿಲಿಮೀಟರಿನಲ್ಲಿ. ಪ್ರತಿ ತುಂಡಿನ ಎದುರು ಎಳೆ ಯಾವ ಕಡೆ ಹೋಗಬೇಕು ಅಂತ ಬಾಣದ ಗುರುತು ಹಾಕಿ. ಇಲ್ಲದಿದ್ದರೆ ಶೀಟು ಉಳಿಸಲು ಅವರು ತಮಗೆ ತೋಚಿದ ಹಾಗೆ ತಿರುಗಿಸಿಬಿಡುತ್ತಾರೆ, ಮೂರು ಬಾಗಿಲಿನ ಗೆರೆ ನಿಲುವಾಗಿ, ನಾಲ್ಕನೆಯದು ಅಡ್ಡವಾಗಿ ಬರುತ್ತದೆ.